ನೆಲದೊಳಗಿನ ನೀರಿಗೆ ಕಾಂಪೌಂಡ್ ಗೋಡೆಯಿಲ್ಲ

ಊರಿಗೆ ನೀರಿನ ಬರ ಬಂದಾಗ ಮಳೆ ಕಡಿಮೆಯಾಯಿತು, ಜನ ಹೆಚ್ಚಾದರು ಎನ್ನುವುದು ವಾಡಿಕೆ. ಎರಡೂ ಸುಳ್ಳಲ್ಲ. ಆದರೆ ಮೂರನೆಯ ಕಾರಣವೂ ಒಂದಿದೆ: ಉಳ್ಳವರು ಮತ್ತು ಇಲ್ಲದವರ ನಡುವಿನ ಅಂತರ. ಬೆಂಗಳೂರಿನ ಜೆ.ಪಿ. ನಗರ ಹಾಗೂ ಅದರಾಚೆಗೆ ಬೆಳೆದ ಬಡಾವಣೆಗಳು ಇದಕ್ಕೆ ಉತ್ತಮ ನಿದರ್ಶನ.

2024ರ ಬೇಸಿಗೆಯ ಲೆಕ್ಕವನ್ನೇ ನೋಡೋಣ. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿನ ದರ ನಿಗದಿ ಮಾಡಿತು. ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಅಂದರೆ ಸಾವಿರ ಲೀಟರಿಗೆ 100 ರೂಪಾಯಿ. ಕಾವೇರಿ ನಲ್ಲಿ ಇದ್ದ ಮನೆಗೆ ತಿಂಗಳ ಮೊದಲ 8,000 ಲೀಟರಿನವರೆಗೆ ಆಗ ಇದ್ದ ದರ ಸಾವಿರ ಲೀಟರಿಗೆ ಬರೀ 7 ರೂಪಾಯಿ! ಟ್ಯಾಂಕರ್ ತರಿಸುವವರೆಲ್ಲ ಬಡವರಲ್ಲ, ದೊಡ್ಡ ಅಪಾರ್ಟ್‌ಮೆಂಟ್‌ಗಳೂ ತರಿಸುತ್ತವೆ. ಆದರೆ ಸಂಪಿಲ್ಲದ ವಠಾರದವರು ಕೊಡದ ಲೆಕ್ಕದಲ್ಲಿ ಕೊಳ್ಳಬೇಕು.

ಈ ಅಂತರ ಹುಟ್ಟಿದ್ದು ಹೇಗೆ? ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹಾರೋಹಳ್ಳಿ, ತಾತಗುಣಿಗಳ ಪಂಪುಗಳನ್ನು ದಾಟಿ ಮೇಲೇರಿ ಬರುತ್ತದೆ. 1974ರಲ್ಲಿ ಮೊದಲ ಹಂತ ಶುರುವಾಯಿತು. 2007ರಲ್ಲಿ ನಗರದೊಳಗೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಆ ಭಾಗದ ಹಲವೆಡೆ ಕೊಳವೆಬಾವಿಯೇ ಗತಿ. ಟ್ಯಾಂಕರಿನಲ್ಲಿ ಬರುವುದೂ ಬಹುಪಾಲು ಕೊಳವೆಬಾವಿಯ ನೀರೇ.

ಅಸಮಾನತೆ ಪರಿಸರದ ಪ್ರಶ್ನೆಯಾಗುವುದು ಇಲ್ಲಿ. ನಿವೇಶನಕ್ಕೆ ಬೇಲಿ ಹಾಕಬಹುದು, ಅಂತರ್ಜಲಕ್ಕೆ ಹಾಕಲಾಗದು. ಹಣವಿದ್ದವರು ಸಾವಿರ ಅಡಿಗೂ ಕೊರೆಸುತ್ತಾರೆ. ಮೊದಲು ಬತ್ತುವುದು ಪಕ್ಕದ ಆಳವಿಲ್ಲದ ಬಾವಿ. ಕಡಿಮೆ ಬಳಸಿದವರಿಗೆ ಮೊದಲ ಪೆಟ್ಟು. ದುಡ್ಡಿರುವವರೆಗೆ ನೀರು ಸಿಗುವುದರಿಂದ ಕೊರತೆಯ ಬಿಸಿ ಉಳ್ಳವರನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಮಿತವ್ಯಯಕ್ಕೆ ಪ್ರೇರಣೆಯೂ ಹುಟ್ಟದು.

ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ 1995ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ದೇಶದ ಮಟ್ಟಿಗೆ ವಿವರಿಸಿದ್ದರು. ದೂರದೂರದ ಸಂಪತ್ತನ್ನು ತರಿಸಿಕೊಳ್ಳಬಲ್ಲ ‘ಸರ್ವಭಕ್ಷಕರು’, ಸುತ್ತಲಿನ ನೆಲ-ಜಲವನ್ನೇ ನಂಬಿದವರು, ನೆಲೆ ಕಳೆದುಕೊಂಡು ನಗರ ಸೇರಿದ ‘ಪರಿಸರ ನಿರಾಶ್ರಿತರು’ ಎಂದು ಅವರು ಜನರನ್ನು ಮೂರಾಗಿ ವಿಂಗಡಿಸಿದರು.

ಕೆರೆಗಳ ಕಥೆಯೂ ಇದೇ. ಗದ್ದೆಗಳಿದ್ದಾಗ ತೂಬು, ಕೋಡಿ ನೋಡಿಕೊಳ್ಳಲು ನೀರಗಂಟಿ ಇದ್ದ. ಗದ್ದೆ ನಿವೇಶನವಾದ ಮೇಲೆ ಕೆರೆಯ ಹಂಗು ಯಾರಿಗೂ ಉಳಿಯಲಿಲ್ಲ. ಎಂಬತ್ತಕ್ಕೂ ಹೆಚ್ಚು ಎಕರೆಯ ಸಾರಕ್ಕಿ ಕೆರೆಯಂಗಳದಲ್ಲಿ ಎದ್ದ ಕಟ್ಟಡಗಳನ್ನು 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಕೆಡವಿತು. ಜಾಗ ಮಾರಿ ಲಾಭ ಮಾಡಿಕೊಂಡವರು ಒಬ್ಬರು, ಸಾಲ ಮಾಡಿ ಕೊಂಡು ಮನೆ ಕಳೆದುಕೊಂಡವರು ಇನ್ನೊಬ್ಬರು.

ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ ಕೆರೆಯದು ಭರವಸೆಯ ಕಥೆ. ಸ್ಥಳೀಯರು 2010ರಲ್ಲಿ ಟ್ರಸ್ಟ್ ಕಟ್ಟಿ, ಮರುವರ್ಷ ಆಗಿನ ಬಿಬಿಎಂಪಿಯೊಡನೆ ಒಪ್ಪಂದ ಮಾಡಿಕೊಂಡು ಕೆರೆಯನ್ನು ಉಳಿಸಿದರು. ಆದರೆ ಇಂಥ ಕೆಲಸಕ್ಕೆ ಬಿಡುವು, ಹಣ, ಕಚೇರಿಗಳ ಪರಿಚಯ ಬೇಕು. ಅದಿಲ್ಲದ ಬಡಾವಣೆಯ ಕೆರೆಯ ಗತಿಯೇನು? ನಗರದ ಹಲವೆಡೆ ಕೆರೆಗೆ ಬೇಲಿ, ನಡಿಗೆ ಪಥ ಬಂದಾಗ ದನ ಮೇಯಿಸುವವರು, ಬಟ್ಟೆ ಒಗೆಯುವವರು ಹೊರಗುಳಿದದ್ದೂ ಉಂಟು.

ಪರಿಹಾರಗಳು ಹೊಸದಲ್ಲ. ಹೆಚ್ಚು ಬಳಸಿದವರಿಗೆ ಹೆಚ್ಚಿನ ದರ ನಲ್ಲಿ ನೀರಿಗೆ ಈಗಾಗಲೇ ಇದೆ. 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಅದನ್ನು ಕಲಿಸಲು ಜಯನಗರದಲ್ಲಿ ಒಂದು ಉದ್ಯಾನವೇ ಇದೆ. ಇದೇ ಶಿಸ್ತು ಕೊಳವೆಬಾವಿಗೂ ಬೇಕು: ಆಳಕ್ಕೆ ಮಿತಿ, ಎತ್ತಿದ್ದಕ್ಕೆ ಲೆಕ್ಕ. ನೀರನ್ನು ಹಂಚಿಕೊಳ್ಳಲು ಕಲಿಯದ ಊರು ಅದನ್ನು ಉಳಿಸಿಕೊಳ್ಳಲಾರದು.