ಗದ್ದಲದ ಸಭಾಂಗಣದಲ್ಲಿ ಒಂದು ಹೆಸರು

ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ ಒಂದು ಸಂಜೆಯ ಕೂಟವನ್ನೇ ಪ್ರಯೋಗಶಾಲೆ ಮಾಡಿಕೊಂಡರು. ಬಂದಿದ್ದವರು ಸುಮಾರು ನೂರು ಮಂದಿ, ಎಲ್ಲರೂ ಉದ್ಯಮ ವಲಯದವರು. ಅವರಿಗೆಲ್ಲ ತೊಡಿಸಿದ್ದ ಎಲೆಕ್ಟ್ರಾನಿಕ್ ಬ್ಯಾಡ್ಜು ಯಾರು ಯಾರೊಡನೆ ಎಷ್ಟು ಹೊತ್ತು ನಿಂತರು ಎಂಬುದನ್ನು ದಾಖಲಿಸುತ್ತಿತ್ತು. ಹೊಸಬರ ಪರಿಚಯ ಮಾಡಿಕೊಳ್ಳುವುದೇ ತಮ್ಮ ಉದ್ದೇಶ ಎಂದು ಬಹುತೇಕರು ಮೊದಲೇ ಹೇಳಿದ್ದರು. 2007ರಲ್ಲಿ ಪ್ರಕಟವಾದ ಲೆಕ್ಕ ಬೇರೆಯೇ ಇತ್ತು: ಜನ ಹೆಚ್ಚಾಗಿ ಹೋಗಿ ನಿಂತದ್ದು ತಮಗೆ ಮೊದಲೇ ಗೊತ್ತಿದ್ದವರ ಬಳಿ.

ಇದರಿಂದ ಆಗುವ ನಷ್ಟ ಸಣ್ಣದಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಹೆಸರಾಂತ ಲೇಖನವೊಂದಿದೆ. ಯಾರದೋ ಪರಿಚಯದಿಂದ ಕೆಲಸ ಹಿಡಿದವರನ್ನು ಅವರು ವಿಚಾರಿಸಿದಾಗ, ಆ ಪರಿಚಯಸ್ಥರನ್ನು ಪದೇ ಪದೇ ಕಾಣುತ್ತಿದ್ದವರು ಶೇ. 17ರಷ್ಟು ಮಾತ್ರ. ಉಳಿದವರಿಗೆ ಸುಳಿವು ಕೊಟ್ಟದ್ದು ಆಗೊಮ್ಮೆ ಈಗೊಮ್ಮೆ ಸಿಗುವವರು. ಆಪ್ತರಿಗೆ ಗೊತ್ತಿರುವ ಸಂಗತಿ ಸಾಮಾನ್ಯವಾಗಿ ನಮಗೂ ಗೊತ್ತಿರುತ್ತದೆ. ದೂರದ ಪರಿಚಯಸ್ಥರು ಓಡಾಡುವ ವಲಯವೇ ಬೇರೆ, ಅಲ್ಲಿನ ಸುದ್ದಿಯೂ ಬೇರೆ.

ಹಾಗಿದ್ದೂ ಹೊಸಬರ ಮುಂದೆ ನಾಲಿಗೆ ತಡವರಿಸುವುದೇಕೆ? ಸಂಕೋಚದ ಜೊತೆಗೆ ಸಭಾಂಗಣದ ಸದ್ದೂ ಇದಕ್ಕೆ ಕಾರಣ. ಸುತ್ತ ಗದ್ದಲವಿದ್ದರೆ ನಮಗರಿವಿಲ್ಲದೆಯೇ ನಮ್ಮ ದನಿ ಏರುತ್ತದೆ; ಫ್ರಾನ್ಸಿನ ಕಿವಿಮೂಗು ವೈದ್ಯ ಎತಿಯೆನ್ ಲೊಂಬಾರ್ಡ್ ಇದನ್ನು ಪ್ರಕಟಿಸಿದ್ದು 1911ರಲ್ಲೇ. ಒಂದು ಗುಂಪಿನ ದನಿ ಏರಿದರೆ ಪಕ್ಕದ ಗುಂಪು ಇನ್ನೂ ಏರಿಸುತ್ತದೆ. ಮೆದುಳೇನೋ ಒಂದು ದನಿಯನ್ನು ಹಿಡಿದು ಉಳಿದದ್ದನ್ನು ಬಿಡಬಲ್ಲದು. ಲಂಡನ್ನಿನ ಕಾಲಿನ್ ಚೆರಿ 1953ರಲ್ಲಿ ಎರಡು ಕಿವಿಗೆ ಎರಡು ಬೇರೆ ಮಾತು ಕೇಳಿಸಿ ಒಂದಕ್ಕೆ ಮಾತ್ರ ಗಮನ ಕೊಡಲು ಹೇಳಿದಾಗ, ಇನ್ನೊಂದು ಕಿವಿಯಲ್ಲಿ ಯಾವ ಭಾಷೆಯಿತ್ತು ಎಂಬುದನ್ನೂ ಕೇಳುಗರು ಖಚಿತವಾಗಿ ಹೇಳಲಾರದೆ ಹೋದರು. ಆದರೆ ಹೀಗೆ ಬೇರ್ಪಡಿಸಲು ಮೆದುಳು ದುಡಿಯಬೇಕು. ವಯಸ್ಸಾದವರಿಗೆ, ಕಿವಿ ಮಂದವಿರುವವರಿಗೆ ಆ ದುಡಿಮೆ ಹೆಚ್ಚು. ಕಲಿತ ಭಾಷೆಯಲ್ಲಿ ವ್ಯವಹರಿಸುವವರಿಗೂ ಹಾಗೆಯೇ. ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿನ ಸಮ್ಮೇಳನವೊಂದಕ್ಕೆ ಬಂದ ಹುಡುಗಿ, ಗದ್ದಲದ ನಡುವೆ ಅಪರಿಚಿತ ಉಚ್ಚಾರದ ಇಂಗ್ಲಿಷ್ ಕೇಳಿ ತಬ್ಬಿಬ್ಬಾದರೆ ಅದು ಅವಳ ಬುದ್ಧಿಯ ಕೊರತೆ ಖಂಡಿತ ಅಲ್ಲ. ಸ್ಪೀಕರ್ ಮತ್ತು ಕಾಫಿ ಕೌಂಟರಿನಿಂದ ದೂರದ ಮೂಲೆಗೆ ಅವಳನ್ನು ಕರೆದೊಯ್ದು ಮಾತಾಡಿಸುವ ಹಿರಿಯರು ಅವಳಿಗೆ ದೊಡ್ಡ ಉಪಕಾರ ಮಾಡಿದಂತೆ.

ಇನ್ನು ಹೆಸರು. ಸುತ್ತ ನಿಂತು ಒಬ್ಬೊಬ್ಬರಾಗಿ ಪರಿಚಯ ಹೇಳಿಕೊಳ್ಳುವಾಗ, ನಮ್ಮ ಸರದಿಗೆ ಸ್ವಲ್ಪ ಮೊದಲು ಮಾತಾಡಿದವರ ಮಾತು ನೆನಪಿನಲ್ಲಿ ಉಳಿಯುವುದಿಲ್ಲ. ಮಾಲ್ಕಂ ಬ್ರೆನರ್ 1973ರಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದರು. ನಾವು ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುವಾಗ ಪಕ್ಕದವರ ಹೆಸರು ಕಿವಿಗೆ ಬಿದ್ದರೂ ನೆನಪಿನ ಒಳಕ್ಕೆ ಇಳಿಯುವುದೇ ಇಲ್ಲ. ಪರಿಚಯದ ಎರಡು ವಾಕ್ಯಗಳನ್ನು ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಹೋಗಿ ಎಂದು ನಾನು ಹೇಳುವುದು ಇದಕ್ಕೇ. ಆಗ ಗಮನ ಪೂರ್ತಿ ಎದುರಿನವರಿಗೆ ಸಿಗುತ್ತದೆ.

ಹೆಸರಿಗೆ ಇನ್ನೊಂದು ತೊಡಕೂ ಇದೆ. 1987ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರು ಅಪರಿಚಿತ ಮುಖಗಳ ಜೊತೆ ಹೆಸರು ಮತ್ತು ವೃತ್ತಿಯನ್ನು ಕಲಿಸಿದರು. ಬೇಕರ್ ಎಂಬುದನ್ನು ಹೆಸರಾಗಿ ಹೇಳಿದರೆ ಮರೆಯುತ್ತಿತ್ತು, ಅದನ್ನೇ ಕಸುಬಾಗಿ ಹೇಳಿದರೆ ನೆನಪಿರುತ್ತಿತ್ತು. ಕಸುಬಿಗೆ ಒಲೆ, ಹಿಟ್ಟು, ಬ್ರೆಡ್ಡಿನ ವಾಸನೆ ಎಲ್ಲ ತಗುಲಿಕೊಂಡಿರುತ್ತವೆ. ಹೆಸರಿಗೆ ಅಂಥ ಆಸರೆಯಿಲ್ಲ. ನಮ್ಮಲ್ಲಿ ಮಂಜುನಾಥರು ಎಷ್ಟು ಜನ! ತಿಪಟೂರಿನವರು, ಕೊಬ್ಬರಿ ಒಣಗಿಸುವ ಯಂತ್ರ ತಯಾರಿಸುತ್ತಾರೆ ಎಂದು ತಿಳಿದರೆ ಆ ಒಬ್ಬ ಮಂಜುನಾಥರು ಮನಸ್ಸಿನಲ್ಲಿ ನಿಲ್ಲುತ್ತಾರೆ. "ನಿಮ್ಮೂರು ಯಾವುದು ಸಾರ್?" ಎಂದು ಕನ್ನಡಿಗರು ಸಲೀಸಾಗಿ ಕೇಳುವ ಪ್ರಶ್ನೆ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ. ಆದರೆ ಅದು ಊರಿಗೇ ನಿಲ್ಲಬೇಕು. ಊರಿನಿಂದ ಮನೆತನಕ್ಕೆ, ಅಲ್ಲಿಂದ ಜಾತಿಗೆ ಸರಿಯುವ ವಿಚಾರಣೆ ಎದುರಿನವರಿಗೆ ಚುಚ್ಚುತ್ತದೆ, ಮತ್ತು ಚುಚ್ಚಬೇಕಾದದ್ದೇ.

ಹೆಸರು ಕೇಳುವ ಮೊದಲೇ ಮುಖ ಕಂಡಿರುತ್ತದೆ. ಮುಖ ನೋಡಿದ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲೇ ಜನ ಇವರನ್ನು ನಂಬಬಹುದೇ ಎಂಬ ಅಂದಾಜು ಕಟ್ಟುತ್ತಾರೆಂದು ಪ್ರಿನ್ಸ್‌ಟನ್‌ನಲ್ಲಿ 2006ರಲ್ಲಿ ಕಂಡುಬಂತು. ಅಂದಾಜು ಬೇಗ ಹುಟ್ಟುತ್ತದೆ ಎಂದಷ್ಟೇ ಇದರರ್ಥ, ಅದು ಸರಿ ಎಂದಲ್ಲ. ಆ ಮೊದಲ ನೋಟಕ್ಕೆಂದು ಭಂಗಿ ಹಾಕಬೇಕಾಗಿಯೂ ಇಲ್ಲ: ಎದೆಯುಬ್ಬಿಸಿ ನಿಂತರೆ ಹಾರ್ಮೋನುಗಳೇ ಬದಲಾಗುತ್ತವೆ ಎಂಬ 2010ರ ಅಧ್ಯಯನವಂತೂ 2015ರಲ್ಲಿ ದೊಡ್ಡ ಗುಂಪಿನ ಮೇಲೆ ಮತ್ತೆ ನಡೆಸಿದಾಗ ನಿಲ್ಲಲಿಲ್ಲ.

ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಎರಿಕಾ ಬೂತ್‌ಬಿ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಕೆಲಸ. ಅಪರಿಚಿತರಿಬ್ಬರನ್ನು ಮಾತಿಗೆ ಕೂರಿಸಿ, ಬಳಿಕ ಬೇರೆ ಬೇರೆಯಾಗಿ ಕೇಳಿದರು: ಅವರು ನಿಮಗೆ ಎಷ್ಟು ಇಷ್ಟವಾದರು, ನೀವು ಅವರಿಗೆ ಎಷ್ಟು ಇಷ್ಟವಾಗಿರಬಹುದು? ಸಾಮಾನ್ಯವಾಗಿ ಜನ ತಾವು ಮೆಚ್ಚುಗೆಯಾದದ್ದನ್ನು ಕಡಿಮೆ ಅಂದಾಜು ಮಾಡಿದರು. ನಮ್ಮ ತಡವರಿಕೆ ನಮ್ಮ ತಲೆಯಲ್ಲಿ ಸುತ್ತುತ್ತಿರುತ್ತದೆ. ಎದುರಿನವರೂ ತಮ್ಮದನ್ನೇ ಯೋಚಿಸುತ್ತಿರುತ್ತಾರೆ. ಒಂದೇ ವಸತಿಯಲ್ಲಿದ್ದ ವಿದ್ಯಾರ್ಥಿಗಳಲ್ಲಿ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತು.

ಮಾತು ಮುಗಿಸುವಲ್ಲೂ ಇಂಥದೇ ತಪ್ಪಾಗುತ್ತದೆ. ಆಡಂ ಮಾಸ್ಟ್ರೊಯಾನಿ ಮತ್ತು ಜೊತೆಗಾರರು 2021ರಲ್ಲಿ ವರದಿ ಮಾಡಿದಂತೆ, ಇಬ್ಬರಿಗೂ ಸಾಕೆನಿಸಿದ ಹೊತ್ತಿಗೇ ಮುಗಿದ ಸಂಭಾಷಣೆಗಳು ಶೇ. 2ರಷ್ಟು. ಬೇಗ ಮುಗಿಯಲಿ ಎಂದುಕೊಂಡವರೂ ಇದ್ದರು, ಇನ್ನಷ್ಟು ಹೊತ್ತು ಬೇಕಿತ್ತು ಎಂದವರೂ ಇದ್ದರು. ಇಬ್ಬರೂ ಅದನ್ನು ಬಚ್ಚಿಟ್ಟುಕೊಂಡಿದ್ದರು. ಹಾಗಾಗಿ ಎದುರಿನವರ ಮುಖ ನೋಡಿ ಊಹಿಸುತ್ತ ನಿಲ್ಲುವ ಬದಲು ಬಾಯಿಬಿಟ್ಟು ಕೇಳುವುದೇ ಮೇಲು: "ಮಂಜುನಾಥ್ ಸಾರ್, ಆ ಯಂತ್ರದ ವಿಷಯ ಇನ್ನೂ ಕೇಳಬೇಕಿತ್ತು. ನಾಳೆ ಫೋನ್ ಮಾಡ್ಲಾ?"