ನಿಧಿ ಎಂದರೆ ಒಂಬತ್ತು

ಗದಗ ಸೀಮೆಯಲ್ಲಿ ಹಳೆಯ ಗುಡಿಯ ಎದುರು ಬರಹದ ಕಲ್ಲೊಂದು ನಿಂತಿದ್ದರೆ ಅದರ ಬೆನ್ನಿಗೆ ಒಂದು ಮಾತೂ ಇರುತ್ತದೆ: ‘ಇದನ್ನ ಓದಿ ಒಡದವಗ ಏಳು ಕೊಪ್ಪರಿಗಿ ಹೊನ್ನು ಸಿಗತೈತಂತ.’ ಹೊಂಬಳದಿಂದ ಡಂಬಳದ ತನಕ ಕಲ್ಯಾಣ ಚಾಲುಕ್ಯರು ಆಳಿದ ನಾಡು ಇದು. ಗುಡಿಗೂ ಕೊರತೆಯಿಲ್ಲ, ಶಾಸನಕ್ಕೂ ಕೊರತೆಯಿಲ್ಲ, ಇಂಥ ಮಾತಿಗಂತೂ ಮೊದಲೇ ಇಲ್ಲ.

ಕಲ್ಲಿನ ಮೇಲಿನ ಪದ್ಯ ಒಗಟು ಎಂಬುದು ಸುಳ್ಳಲ್ಲ. ಅದನ್ನು ಒಡೆಯುವ ಕಸುಬೇ ಒಂದಿದೆ. ಆದರೆ ಆ ಕಸುಬಿನವರ ಚೀಲದಲ್ಲಿ ಹಾರೆ, ಸಲಿಕೆ ಇರುವುದಿಲ್ಲ. ಕಾಗದ, ಬ್ರಷ್, ನೀರು, ಮಸಿ ಇರುತ್ತವೆ.

ಕಲ್ಲಿನಿಂದ ಕಾಗದಕ್ಕೆ

ಮೊದಲ ಕೆಲಸ ಕಲ್ಲು ತೊಳೆಯುವುದು. ಪಾಚಿ, ಸುಣ್ಣ, ವರ್ಷಗಟ್ಟಲೆ ಸುರಿದ ಎಣ್ಣೆಯ ಜಿಡ್ಡು ಹೋಗುವ ತನಕ ಮೆಲ್ಲಗೆ ಉಜ್ಜಬೇಕು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಬಿರುಸಾದ ಬ್ರಷ್ಷಿನಿಂದ ಬಡಿಯುತ್ತ ಹೋಗುತ್ತಾರೆ. ಕಾಗದ ಅಕ್ಷರದ ತಗ್ಗಿನೊಳಗೆ ಇಳಿದು ಕೂಡುತ್ತದೆ. ಅರೆಬರೆ ಒಣಗಿದಾಗ ಬಟ್ಟೆಯ ಉಂಡೆಯಿಂದ ಮಸಿ ಒತ್ತಿದರೆ ಮೇಲ್ಮೈ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇದೇ ಪಡಿಯಚ್ಚು. ಕಲ್ಲಿನ ಮೇಲೆ ಕಣ್ಣಿಗೆ ಬೀಳದ ಗೆರೆಯೂ ಇದರಲ್ಲಿ ಎದ್ದು ಕಾಣುತ್ತದೆ.

ಓದುವುದು ಇನ್ನೊಂದು ಪಾಡು. ಪದ ಪದದ ನಡುವೆ ಜಾಗ ಬಿಟ್ಟಿರುವುದಿಲ್ಲ. ಪದ್ಯವನ್ನೂ ಗದ್ಯದಂತೆ ಒಂದೇ ಉಸಿರಿಗೆ ಕೆತ್ತಿರುತ್ತಾರೆ. ಇಲ್ಲಿ ಕೈಹಿಡಿಯುವುದು ಛಂದಸ್ಸು. ಕಂದಪದ್ಯವಾದರೆ ಒಂದು ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯದಕ್ಕೆ 20. ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸ. ಕಲ್ಲು ಚಕ್ಕೆ ಎದ್ದು ಅಕ್ಷರವೊಂದು ಹಾರಿಹೋಗಿದ್ದರೂ ಅಲ್ಲಿ ಗುರು ಇತ್ತೋ ಲಘು ಇತ್ತೋ, ಯಾವ ವ್ಯಂಜನ ಇದ್ದಿರಬೇಕು ಎಂದು ಪದ್ಯವೇ ಎಷ್ಟೋ ಸಲ ಹೇಳಿಕೊಡುತ್ತದೆ.

ಪದದೊಳಗಿನ ಇಸವಿ

ಕಾಲವನ್ನು ಅಂಕೆಯಲ್ಲಿ ಬರೆದ ಶಾಸನಗಳು ಸಾಕಷ್ಟಿವೆ. ಕೆಲವು ಕವಿಗಳು ಮಾತ್ರ ಇಸವಿಯನ್ನು ಪದಗಳಲ್ಲಿ ಬಚ್ಚಿಟ್ಟರು. ಗಗನ ಎಂದರೆ ಸೊನ್ನೆ, ಶಶಿ ಒಂದು, ಕಣ್ಣು ಎರಡು, ಅಗ್ನಿ ಮೂರು, ವೇದ ನಾಲ್ಕು, ಬಾಣ ಐದು, ಋತು ಆರು, ಗಿರಿ ಏಳು, ಗಜ ಎಂಟು. ನವನಿಧಿಗಳಿರುವುದರಿಂದ ನಿಧಿ ಎಂದರೆ ಒಂಬತ್ತು.

ಪದ್ಯದಲ್ಲಿ ‘ನಿಧಿ, ಶಶಿ, ಗಗನ, ಶಶಿ’ ಎಂದು ಬಂದಿದೆ ಎಂದಿಟ್ಟುಕೊಳ್ಳಿ. ಅಂಕೆಗಳು 9, 1, 0, 1. ಇವನ್ನು ಬಲದಿಂದ ಎಡಕ್ಕೆ ಓದುವುದು ರೂಢಿ. ಅಲ್ಲಿಗೆ ಶಕ 1019. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 1097, ಅಂದರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆ. ಅವನು 1076ರಲ್ಲಿ ತೊಡಗಿಸಿದ ಚಾಲುಕ್ಯ ವಿಕ್ರಮ ಶಕದ 22ನೆಯ ವರ್ಷ, ಈಶ್ವರ ಸಂವತ್ಸರ. ಕಲ್ಲಿನಲ್ಲೂ ಈಶ್ವರ ಸಂವತ್ಸರವೆಂದೇ ಇದ್ದರೆ ಲೆಕ್ಕ ತಾಳೆಯಾಯಿತು. ತಿಥಿ, ವಾರ, ಗ್ರಹಣ, ಸಂಕ್ರಾಂತಿಗಳ ಉಲ್ಲೇಖವಿದ್ದರೆ ದಿನವನ್ನೇ ಹಿಡಿಯಬಹುದು. ಅರೆಬರೆ ಓದು ಬಲ್ಲವನು ‘ನಿಧಿ’ ಕಂಡು ಗುದ್ದಲಿ ತರುವ ಕಡೆ, ಬಲ್ಲವರಿಗೆ ಸಿಗುವುದು ತಾರೀಖು.

ನಕಾಶೆ ಇದೆ, ಹೊಲದ್ದು

ದಾನಶಾಸನಗಳ ಕೊನೆಯ ಭಾಗ ಓದಿದರೆ ಯಾರಿಗಾದರೂ ನಿಧಿಯ ದಾರಿಯೆಂದೇ ಅನ್ನಿಸೀತು: ಮೂಡಲಿಗೆ ಹುಣಸೆ, ತೆಂಕಲಿಗೆ ಹಳ್ಳ, ಪಡುವಲಿಗೆ ನೆಟ್ಟ ಕಲ್ಲು, ಬಡಗಲಿಗೆ ಹೆದ್ದಾರಿ ಎಂಬ ಬಗೆಯ ಗುರುತುಗಳು. ಅವು ದಾನ ಕೊಟ್ಟ ಹೊಲದ ಚಕ್ಕಬಂದಿ. ದೇವರ ನಂದಾದೀಪಕ್ಕೋ ಮಠದ ಊಟಕ್ಕೋ ಬಿಟ್ಟ ಭೂಮಿ ಇಷ್ಟು ಮತ್ತರು ಎಂದು ಹೇಳಿ, ಎಲ್ಲೆ ತಪ್ಪದಂತೆ ಬರೆದಿಟ್ಟದ್ದು.

ಇನ್ನು ‘ನಿಧಿ ನಿಕ್ಷೇಪ’ ಎಂಬ ಮಾತು ಹಲವು ಶಾಸನಗಳಲ್ಲಿ ನಿಜವಾಗಿಯೂ ಇದೆ. ಅದು ಅಷ್ಟಭೋಗಗಳ ಪಟ್ಟಿ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಈ ಭೂಮಿಯಲ್ಲಿ ಮುಂದೆ ಹೂಳು ಹಣ ಸಿಕ್ಕರೆ, ನೀರು, ಕಲ್ಲು ಸಿಕ್ಕರೆ ಅದೂ ದಾನ ಪಡೆದವನದೇ ಎಂಬ ಕರಾರು. ಇಂದಿನ ಖರೀದಿ ಪತ್ರಗಳಲ್ಲೂ ಇದರ ಪಳೆಯುಳಿಕೆ ಕಾಣಸಿಗುತ್ತದೆ. ಕಲ್ಲಿನ ನೆತ್ತಿಯ ಸೂರ್ಯಚಂದ್ರರೂ ದಿಕ್ಕು ತೋರುವುದಿಲ್ಲ. ಅವರಿರುವ ತನಕ ದಾನ ನಡೆಯಲಿ ಎಂಬುದಷ್ಟೇ ಅದರ ಅರ್ಥ.

ಒಗಟು ಒಡೆದವರು ಪಡೆದದ್ದು

ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 595 ಶಾಸನಗಳ ನಕಲು ಕೂಡಿಹಾಕಿದ. ಅವುಗಳ ಆಧಾರದ ಮೇಲೆ 1837ರಲ್ಲಿ ಲೇಖನ ಬರೆದ. ಆಮೇಲೆ ಬಂದ ಜೆ.ಎಫ್. ಫ್ಲೀಟ್ ಶಾಸನ ಓದುವ ಇದೇ ಕೆಲಸವನ್ನು ಮುಂದುವರಿಸಿದ. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು, ಆರ್.ಎಸ್. ಪಂಚಮುಖಿ ಅದರ ಮುಂದಾಳಾಗಿ ಶಾಸನ ಸಂಪುಟಗಳನ್ನು ಹೊರತಂದರು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ವಿವರ ಬಂದದ್ದು ಅಲ್ಲಿಯ 1007ರ ಶಾಸನದಿಂದ. ಡಂಬಳದಲ್ಲಿ ಬೌದ್ಧ ತಾರಾದೇವಿಗೆ ಪೂಜೆ ನಡೆಯುತ್ತಿತ್ತೆಂದು ಹೇಳುವುದು 1095ರ ಒಂದು ಕಲ್ಲು. ಅದೊಂದು ಒಡೆದಿದ್ದರೆ ಆ ಕಥೆಯೂ ಮಣ್ಣುಪಾಲು.

ಒಡೆಯುವುದಂತೂ ನಡೆದೇ ಇದೆ. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನ ನಡುಗಡ್ಡೆಯಲ್ಲಿ ವ್ಯಾಸರಾಜರ ಬೃಂದಾವನವನ್ನೇ ನಿಧಿಗಳ್ಳರು ಕೆಡವಿದರು. ಪದ್ಯದಲ್ಲಿ ನಿಜವಾಗಿಯೂ ನಿಧಿಯ ಸುಳಿವಿಟ್ಟವರೂ ಇದ್ದಾರೆ: ಅಮೆರಿಕದಲ್ಲಿ ಫಾರೆಸ್ಟ್ ಫೆನ್ ಎಂಬಾತ ಚಿನ್ನದ ಪೆಟ್ಟಿಗೆ ಬಚ್ಚಿಟ್ಟು, ಅದರ ಸುಳಿವನ್ನು 24 ಸಾಲಿನ ಪದ್ಯವಾಗಿ 2010ರಲ್ಲಿ ಪ್ರಕಟಿಸಿದ್ದ. ಹತ್ತು ವರ್ಷದ ಮೇಲೆ ವಯೋಮಿಂಗಿನಲ್ಲಿ ಅದು ಸಿಕ್ಕಿತು. ಅಷ್ಟರೊಳಗೆ ಹುಡುಕಹೋದ ಐವರಾದರೂ ಸತ್ತಿದ್ದರು. ಅಲ್ಲಿ ಪೆಟ್ಟಿಗೆಯಾದರೂ ಇತ್ತು. ನಮ್ಮ ಶಾಸನಕವಿಗಳು ಹೊನ್ನು ಹೂಳಿ ಪದ್ಯ ಬರೆದವರಲ್ಲ. ಹೊನ್ನು ಯಾರಿಗೆ, ಯಾತಕ್ಕೆ ಕೊಟ್ಟರೆಂದು ಊರಿಗೆಲ್ಲ ಕಾಣುವಂತೆ ಬರೆದವರು.

ಈ ನೆಲದಲ್ಲಿ ಹೊನ್ನು ಸಿಗುವುದೇ ಇಲ್ಲವೆಂದಲ್ಲ. ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಹೆಸರಿನಲ್ಲೇ ಲೊಕ್ಕಿ ಗದ್ಯಾಣವೆಂಬ ನಾಣ್ಯ ನಡೆದಿತ್ತು. ಸಿಕ್ಕರೆ ಪಾಯ ತೋಡುವಾಗಲೋ ನೇಗಿಲ ಮೊನೆಗೋ ಸಿಕ್ಕೀತು. ಹಾಗೆ ಸಿಕ್ಕದ್ದನ್ನು ಸರ್ಕಾರಕ್ಕೆ ತಿಳಿಸುವುದು ಕಾನೂನು. ನಿಧಿಗಾಗಿ ಮಾಟ, ಬಲಿ ನಡೆಸುವುದು 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ.

ನಿಮ್ಮ ಹೊಲದ ಬದುವಿನಲ್ಲೋ ಗುಡಿಯ ಗೋಡೆಯಲ್ಲೋ ಬರಹದ ಕಲ್ಲಿದ್ದರೆ ಬಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಬಟ್ಟೆ ಒಗೆಯುವ ಹಾಸುಗಲ್ಲು ಮಾಡಿಕೊಳ್ಳಬೇಡಿ. ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟ್ರಿಗೋ ತೋರಿಸಿ. ರಾತ್ರಿ ಹೊತ್ತು ಅದರ ಬುಡದಲ್ಲಿ ಅಗೆಯುವ ಸದ್ದು ಕೇಳಿದರೆ ಪೊಲೀಸರಿಗೆ ಫೋನ್ ಮಾಡಿ.