ವಾರಾನ್ನದ ಏಳು ಮನೆಗಳಿಂದ ಪುಣ್ಯಾಶ್ರಮದ ಒಂದೇ ಪಂಕ್ತಿಗೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮನೆಗಳು ಬಯಲುಸೀಮೆಯ ಊರುಗಳ ಮನೆಗಳಂತೆ ಒಂದಕ್ಕೊಂದು ಅಂಟಿಕೊಂಡು ನಿಂತವುಗಳಲ್ಲ. ಕೆಳಗೆ ಅಡಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ, ನಡುವೆ ಎರಡು ಮೂರು ಮನೆ. ಮುಂದಿನ ಕೇರಿಗೆ ಹೋಗಬೇಕಾದರೆ ಹಳ್ಳವನ್ನು ದಾಟಬೇಕು. ಮಳೆಗಾಲದಲ್ಲಿ ಆ ಹಳ್ಳವೇ ದೊಡ್ಡವರನ್ನೂ ಮನೆಯಲ್ಲಿ ಕಟ್ಟಿಹಾಕುತ್ತಿತ್ತು. ಇಂತಹ ನಾಡಿನಲ್ಲಿ ಮಗನನ್ನು ಓದಿಸುವುದೆಂದರೆ ಅನೇಕ ಕುಟುಂಬಗಳಿಗೆ ಮಗನನ್ನು ಮನೆಯಿಂದ ಅಗಲಿಸುವುದೆಂದೇ ಅರ್ಥವಾಗಿತ್ತು. ನೆಂಟರ ಮನೆ, ಮಠದ ಪಾಠಶಾಲೆ, ಇಲ್ಲವೆ ಪಟ್ಟಣದ ವಾರಾನ್ನ, ಈ ಮೂರೇ ದಾರಿಗಳು. ಇಂದು ರಸ್ತೆಯಾಗಿದೆ, ಬಸ್ಸು ಬಂದಿದೆ, ಶಾಲೆ ಹತ್ತಿರವಾಗಿದೆ. ಆದರೂ ಒಂದು ಬಗೆಯ ಮಗುವಿಗೆ ಮಾತ್ರ ಆ ಹಳ್ಳ ಇನ್ನೂ ದಾಟಲಾಗದ ಹಳ್ಳವಾಗಿಯೇ ಉಳಿದಿದೆ. ಅದು ಕಣ್ಣಿಲ್ಲದೆ ಹುಟ್ಟಿದ ಅಥವಾ ಎಳವೆಯಲ್ಲಿಯೇ ದೃಷ್ಟಿ ಕಳೆದುಕೊಂಡ ಮಗು. ಆ ಮಗುವನ್ನು ಮನೆಯಲ್ಲಿ ಇಟ್ಟುಕೊಂಡು ಚಿಂತಿಸುತ್ತಿರುವ ತಾಯಿತಂದೆಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯುತ್ತಿದ್ದೇನೆ.

ಏಳು ದಿನಕ್ಕೆ ಏಳು ಮನೆ

ವಾರಾನ್ನವೆಂಬ ಶಬ್ದ ಈಗಿನ ಮಕ್ಕಳಿಗೆ ಅಪರಿಚಿತ. ಬಡ ವಿದ್ಯಾರ್ಥಿಯೊಬ್ಬನು ಪಟ್ಟಣಕ್ಕೆ ಬಂದರೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರ ಒಂದು ಮನೆಯಲ್ಲಿ ಊಟ, ಮಂಗಳವಾರ ಮತ್ತೊಂದರಲ್ಲಿ. ಹೀಗೆ ವಾರ ತುಂಬುತ್ತಿತ್ತು. ಏಳರಲ್ಲಿ ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಅನ್ನವಿಕ್ಕಿದ ಗೃಹಿಣಿಯರ ಔದಾರ್ಯ ದೊಡ್ಡದು. ಅದರಿಂದ ವಿದ್ಯಾವಂತರಾದವರು ಅಸಂಖ್ಯರು. ಆದರೆ ದಿನಕ್ಕೊಂದು ಹೊಸಿಲಿನ ಮುಂದೆ ನಿಲ್ಲಬೇಕಾದ ಹುಡುಗನ ಮನಸ್ಸಿನಲ್ಲಿ ಒಂದು ಸಂಕೋಚ ಹುಟ್ಟಿಕೊಳ್ಳುತ್ತಿತ್ತು. ಆ ಸಂಕೋಚ ಕೆಲವರಲ್ಲಿ ಜೀವಮಾನವಿಡೀ ಉಳಿಯುತ್ತಿತ್ತು.

ಇದನ್ನು ಮನಗಂಡ ಮಠಾಧೀಶರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಒಂದು ಹೊಸ ಏರ್ಪಾಟಿಗೆ ಕೈಹಾಕಿದರು. ವಿದ್ಯಾರ್ಥಿಯು ಮನೆಮನೆಗೆ ಹೋಗುವುದು ಬೇಡ, ಜೋಳಿಗೆಯನ್ನು ಮಠವೇ ಹಿಡಿಯಲಿ, ವಿದ್ಯಾರ್ಥಿಯು ಒಂದೇ ಪಂಕ್ತಿಯಲ್ಲಿ ಎಲ್ಲರೊಂದಿಗೆ ಕುಳಿತು ಪ್ರಸಾದ ಸ್ವೀಕರಿಸಲಿ ಎಂಬುದೇ ಆ ಏರ್ಪಾಟು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಉಚಿತ ಪ್ರಸಾದ ನಿಲಯವು ಇದಕ್ಕೆ ಉಜ್ವಲ ನಿದರ್ಶನ. ಉತ್ತರ ಕನ್ನಡ ಜಿಲ್ಲೆಯು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಘಟ್ಟದ ಮೇಲಿನ ಹುಡುಗರು ಉನ್ನತ ವಿದ್ಯೆಗೆ ಧಾರವಾಡದ ಕಡೆಗೇ ಮುಖ ಮಾಡುತ್ತಿದ್ದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದುದು ಲೋಕವಿದಿತ. ಈ ಎಲ್ಲ ನಿಲಯಗಳ ನಡುವೆ, ಬಡತನದ ಜೊತೆಗೆ ಅಂಧತ್ವವನ್ನೂ ಹೊತ್ತು ಬಂದ ಮಕ್ಕಳಿಗೆ ಬಾಗಿಲು ತೆರೆದ ಸಂಸ್ಥೆಯೊಂದುಂಟು. ಅದೇ ಗದಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮ.

ನೆರೆಯ ತಾಲ್ಲೂಕಿನ ಇಬ್ಬರು ಬಾಲಕರು

ಶಿರಸಿಯ ಪೂರ್ವಕ್ಕೆ ಹೊಂದಿಕೊಂಡಿರುವುದು ಹಾನಗಲ್ಲ ತಾಲ್ಲೂಕು. ಅಲ್ಲಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಶಿಶು ಜನಿಸಿತು. ಕಣ್ಣುಗಳಿಗೆ ಬೆಳಕಿರಲಿಲ್ಲ, ಅಣ್ಣ ಗುರುಬಸಯ್ಯನಿಗೂ ಅದೇ ಸ್ಥಿತಿ. ಬಡವರ ಮನೆಯಲ್ಲಿ ಇಬ್ಬರು ಅಂಧ ಮಕ್ಕಳೆಂದರೆ ನೆರೆಹೊರೆಯವರು ಏನನ್ನುತ್ತಿದ್ದರೆಂಬುದನ್ನು ನಾವೇ ಊಹಿಸಬಹುದು. ಆದರೆ ಅವರ ಕಂಠದಲ್ಲಿದ್ದುದನ್ನು ಗುರುತಿಸಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಆ ಮಹಾನುಭಾವರು ಸೋದರರಿಬ್ಬರ ಸಂಗೀತ ಶಿಕ್ಷಣದ ಭಾರವನ್ನು ತಾವೇ ವಹಿಸಿಕೊಂಡರು. ಗದಿಗೆಯ್ಯನೇ ಮುಂದೆ ಕರ್ನಾಟಕ, ಹಿಂದೂಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಉಭಯ ಗಾನ ವಿಶಾರದ ಪಂಚಾಕ್ಷರ ಗವಾಯಿಗಳೆಂದು ಪ್ರಸಿದ್ಧರಾದರು.

ಗವಾಯಿಗಳು ತಮಗೆ ದೊರೆತುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ಅಂಧ, ಅನಾಥ, ಬಡ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಅವರಿಗೆ ಸಂಗೀತ ಕಲಿಸಿದರು. ಗೋಡೆಯೂ ಛಾವಣಿಯೂ ಇಲ್ಲದ ಶಾಲೆ ಅದು. ಭಕ್ತರು ಎಲ್ಲಿ ಇಳಿಸಿಕೊಂಡರೆ ಅಲ್ಲಿಯೇ ಪಾಠ, ಅಲ್ಲಿಯೇ ಪ್ರಸಾದ. ಹೊಟ್ಟೆಗೆ ಸಾಲದೆ ಬಂದಾಗ ನಾಟಕ ಮಂಡಳಿ ಕಟ್ಟಿ, ಅದರ ಉತ್ಪತ್ತಿಯಿಂದ ಮಕ್ಕಳನ್ನು ಸಲಹಿದರು. ಕೊನೆಗೆ ಗದಗಿನಲ್ಲಿ ಆ ಶಾಲೆಗೆ ನೆಲೆ ದೊರೆಯಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು ಪುಣ್ಯಾಶ್ರಮದ ಹೊಣೆ ಹೊತ್ತರು. 1914ರಲ್ಲಿ ಹಾನಗಲ್ಲ ತಾಲ್ಲೂಕಿನ ದೇವಗಿರಿಯಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಅವರು 2010ರ ಸೆಪ್ಟೆಂಬರಿನವರೆಗೆ, ಅಂದರೆ ಅರುವತ್ತಾರು ವರ್ಷ, ಆ ಹೊಣೆಯನ್ನು ಇಳಿಸಲಿಲ್ಲ. ಈಗ ಕಲ್ಲಯ್ಯಜ್ಜನವರು ಆ ಪರಂಪರೆಯನ್ನು ಮುಂದುವರಿಸಿದ್ದಾರೆ.

ಪುನರಾವರ್ತನೆಯೇ ಪಾಠ

ಇಂತಹ ಗುರುಕುಲಗಳಲ್ಲಿ ವಾರವು ಹೇಗೆ ಸಾಗುತ್ತದೆಂಬುದನ್ನು ಮಠದಲ್ಲಿ ಓದಿದವರು ಬಲ್ಲರು. ಹಳೆಯ ಸಂಸ್ಕೃತ ಪಾಠಶಾಲೆಗಳಲ್ಲಿ ಭಾನುವಾರದ ರಜೆಯೇ ಇರಲಿಲ್ಲ. ಪಾಡ್ಯ, ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳಂದು ಅನಧ್ಯಯನ. ಆದುದರಿಂದ ವಿದ್ಯಾರ್ಥಿಯು ಕ್ಯಾಲೆಂಡರಿನ ಬದಲು ಚಂದ್ರನನ್ನು ನೋಡಿ ರಜೆಯನ್ನು ಎಣಿಸುತ್ತಿದ್ದನು. ಸರಕಾರದ ಶಾಲಾ ಪಠ್ಯವೂ ಜೊತೆಗೂಡಿದ ಮೇಲೆ ಭಾನುವಾರ ಬಂದಿತು. ಅಂದು ಬಟ್ಟೆ ಒಗೆಯುವುದು, ಎಣ್ಣೆಸ್ನಾನ, ಮನೆಗೆ ಕಾಗದ ಬರೆಯುವುದು ಅಥವಾ ಬರೆಸುವುದು, ಅಂಗಳ ಗುಡಿಸುವುದು. ಉಳಿದ ಆರು ದಿನ ಕೋಳಿ ಕೂಗುವ ಹೊತ್ತಿಗೆ ಏಳುವುದು, ಸ್ನಾನ, ಪೂಜೆ, ಪ್ರಾರ್ಥನೆ, ಪಾಠ. ಸಂಜೆ ಮತ್ತೆ ಪ್ರಾರ್ಥನೆ.

ಸಂಗೀತದ ಗುರುಕುಲದಲ್ಲಿ ಇದರ ಜೊತೆಗೆ ಸಾಧನೆ ಸೇರುತ್ತದೆ. ಬೆಳಗಿನ ತಂಪಿನಲ್ಲಿ ಮಂದ್ರ ಸ್ಥಾಯಿಯ ಷಡ್ಜವನ್ನು ಉಸಿರು ನಿಲ್ಲುವಷ್ಟು ಹೊತ್ತು ಹಿಡಿಯುವ ಖರಜ ಸಾಧನೆ. ಅದರಿಂದ ಕಂಠಕ್ಕೆ ತೂಕ ಬರುತ್ತದೆ, ಉಸಿರಿಗೆ ಉದ್ದ ಬರುತ್ತದೆ. ಬಳಿಕ ಅಲಂಕಾರ, ಬಳಿಕ ಬಂದಿಶ್. ಗುರುವು ಒಂದು ಸಾಲನ್ನು ಹಾಡುವರು, ಶಿಷ್ಯನು ಅದನ್ನೇ ತಿರುಗಿ ಹಾಡುವನು, ತಪ್ಪಿದರೆ ಮತ್ತೊಮ್ಮೆ. ಕಣ್ಣಿದ್ದವನು ಪುಸ್ತಕದಲ್ಲಿ ಬರೆದುಕೊಂಡು ನಾಳೆ ನೋಡಿಕೊಂಡರಾಯಿತೆಂದು ಮರೆಯುತ್ತಾನೆ. ಕಣ್ಣಿಲ್ಲದವನು ಇಂದೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕು.

ಹಾರ್ಮೋನಿಯಂ ವಾದ್ಯದ ಕರಿಯ ಮನೆಗಳು ಎರಡರ ಗುಂಪು, ಮೂರರ ಗುಂಪು ಹೀಗೆ ಸಾಗುತ್ತವೆ. ಆ ಗುಂಪುಗಳನ್ನು ಬೆರಳಿನಿಂದ ತಡವಿ ಮಗು ತನ್ನ ಸ್ವರದ ಸ್ಥಾನವನ್ನು ಕಂಡುಕೊಳ್ಳುತ್ತದೆ. ತಬಲೆಯ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿ, ಆಮೇಲೆ ಕೈಗೆ ಇಳಿಸುತ್ತದೆ. ಅಕ್ಷರವನ್ನು ಬ್ರೈಲ್ ಲಿಪಿಯಲ್ಲಿ ಓದುತ್ತದೆ. ಫ್ರಾನ್ಸ್ ದೇಶದ ಲೂಯಿ ಬ್ರೈಲ್ ತಾನೇ ಅಂಧನಾಗಿದ್ದು ಆರು ಚುಕ್ಕೆಗಳಲ್ಲಿ ರೂಪಿಸಿದ ಆ ಲಿಪಿಯಲ್ಲಿ ಇಂದು ಕನ್ನಡವನ್ನೂ ಸರಾಗವಾಗಿ ಓದಬಹುದು, ಬರೆಯಬಹುದು.

ಮಲೆನಾಡಿನ ಮಗುವಿಗೆ ಮೊದಲ ವಾರಗಳು ಕಷ್ಟವೇ ಸರಿ. ಮನೆಯಲ್ಲಿ ಅನ್ನ, ತಂಬುಳಿ. ಅಲ್ಲಿ ಜೋಳದ ರೊಟ್ಟಿ, ಪಲ್ಯ. ಇಲ್ಲಿ ಸದಾ ಮಳೆಯ ಸದ್ದು, ಅಲ್ಲಿ ಒಣಗಾಳಿ. ಮಾತಿನ ಧಾಟಿಯೂ ಬೇರೆ. ಆದರೆ ಆ ಮಗುವಿನ ಬಳಿ ಒಂದು ಬಂಡವಾಳವೂ ಇರುತ್ತದೆ. ಯಕ್ಷಗಾನ, ತಾಳಮದ್ದಳೆಗಳ ನಾಡಿನಲ್ಲಿ ಬೆಳೆದ ಕಿವಿ ಅದು. ಭಾಗವತರ ಏರುದನಿ, ಮದ್ದಳೆಯ ಪೆಟ್ಟು ಅದಕ್ಕೆ ತೊಟ್ಟಿಲಿನಿಂದಲೇ ಪರಿಚಿತ.

ಸಾಧನೆಯ ಲೆಕ್ಕ

ಶಿಷ್ಯರ ಸಾಧನೆಯನ್ನು ಹೇಳದೆ ಗುರುಕುಲದ ವರ್ಣನೆ ಪೂರ್ಣವಾಗದು. ಪಂಚಾಕ್ಷರ ಗವಾಯಿಗಳಲ್ಲಿ ಕಲಿತ ಬಸವರಾಜ ರಾಜಗುರು ಅವರು ಹಿಂದೂಸ್ತಾನಿ ಸಂಗೀತದ ಅಗ್ರಗಣ್ಯರಲ್ಲಿ ಒಬ್ಬರಾಗಿ 1991ರಲ್ಲಿ ಪದ್ಮಭೂಷಣ ಪುರಸ್ಕೃತರಾದರು. ಪುಟ್ಟರಾಜರು ಗಾಯನದ ಜೊತೆಗೆ ಅನೇಕ ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಕೃತಿರಚನೆ ಮಾಡಿ, ಬಸವಪುರಾಣವನ್ನು ಹಿಂದಿಗೆ ತಂದರು. 2010ರಲ್ಲಿ ಅವರಿಗೂ ಪದ್ಮಭೂಷಣ ಸಂದಿತು. ಬಳ್ಳಾರಿಯ ಕಡೆಯ ಲಕ್ಷ್ಮೀಪುರದ ಜನಪದ ಕಲಾವಿದರ ಮನೆಯಿಂದ ಬಾಲಕನಾಗಿ ಆಶ್ರಮಕ್ಕೆ ಬಂದು ಸುಮಾರು ಹನ್ನೆರಡು ವರ್ಷ ಅಲ್ಲಿಯೇ ಉಂಡು ಕಲಿತ ವೆಂಕಟೇಶ ಕುಮಾರ ಅವರು ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ಬಹುಕಾಲ ಬೋಧಿಸಿ, 2016ರಲ್ಲಿ ಪದ್ಮಶ್ರೀಗೆ ಪಾತ್ರರಾದರು.

ಪದಕಗಳಿಗಿಂತಲೂ ನಾನು ದೊಡ್ಡದೆಂದು ಎಣಿಸುವ ಸಾಧನೆ ಮತ್ತೊಂದಿದೆ. ಪದ್ಮ ಪ್ರಶಸ್ತಿ ನೂರು ಶಿಷ್ಯರಲ್ಲಿ ಒಬ್ಬರಿಗೂ ದೊರೆಯದಿರಬಹುದು. ಉಳಿದವರು ಎಲ್ಲಿಗೆ ಹೋದರು? ಶಾಲೆಯ ಸಂಗೀತ ಶಿಕ್ಷಕರಾದರು, ಕೀರ್ತನಕಾರರಾದರು, ಪುರಾಣ ಪ್ರವಚನಗಳಿಗೆ ಸಾಥಿ ನೀಡುವ ತಬಲಾವಾದಕರಾದರು, ಹಾರ್ಮೋನಿಯಂ ವಾದಕರಾದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣ ಮಾಸದ ಪುರಾಣ ನಡೆಯುವ ಮಠಗಳನ್ನು ನೋಡಿ ಬಂದವರಿಗೆ ಗದಗಿನಲ್ಲಿ ಕಲಿತವರೊಬ್ಬರ ದನಿ ಕಿವಿಗೆ ಬೀಳದೆ ಇರದು. ಅವರು ತಮ್ಮ ಕಾಯಕದ ಅನ್ನವನ್ನು ಉಣ್ಣುತ್ತಾರೆ, ಮನೆ ಕಟ್ಟಿಕೊಂಡಿದ್ದಾರೆ, ಮಕ್ಕಳನ್ನು ಓದಿಸುತ್ತಿದ್ದಾರೆ. ಯಾರಿಗೆ ಭಿಕ್ಷಾಪಾತ್ರೆಯೊಂದೇ ಗತಿ ಎಂದು ಸಮಾಜ ತೀರ್ಮಾನಿಸಿತ್ತೋ, ಅವರು ಇತರರಿಗೆ ವಿದ್ಯೆ ನೀಡುವ ಗುರುಗಳಾದರು. ದಾಸೋಹದ ನಿಜವಾದ ಫಲ ಇದು.

ತಾಯಿತಂದೆಗಳಿಗೆ ಒಂದು ಮಾತು

ಅಂಧ ಮಗುವನ್ನು ದೂರ ಕಳುಹಿಸಲು ತಾಯಿಯ ಕರುಳು ಒಪ್ಪದು. ತಂದೆಗೆ ಜನರ ಮಾತಿನ ಅಂಜಿಕೆ. ಸಾಕಲಾರದೆ ಮಠಕ್ಕೆ ಬಿಟ್ಟರೆಂದಾರು ಎಂಬ ಶಂಕೆ. ಈ ಎರಡೂ ಭಾವನೆಗಳು ಸಹಜ, ಗೌರವಾರ್ಹ. ಆದರೆ ಹತ್ತು ವರ್ಷ ಕೈಹಿಡಿದು ನಡೆಸಿದ ಪ್ರೀತಿಯೇ ಹನ್ನೊಂದನೆಯ ವರ್ಷ ಆ ಮಗುವಿನ ಕಾಲನ್ನು ಕಟ್ಟುವುದುಂಟು. ಎಲ್ಲವನ್ನೂ ಕೈಗೆ ಕೊಟ್ಟು ಬೆಳೆಸಿದ ಮಗು, ಕೊಡುವ ಕೈ ಮುಪ್ಪಾದಾಗ ಏನು ಮಾಡಬೇಕು? ಈ ಪ್ರಶ್ನೆಯನ್ನು ಮನೆಯ ಹಿರಿಯರು ಮಗುವಿನ ಎಳವೆಯಲ್ಲಿಯೇ ಕೇಳಿಕೊಳ್ಳುವುದು ಒಳಿತು.

ಹಾಗೆಂದು ಅಂಧರಿಗೆಲ್ಲ ಸಂಗೀತವೇ ದಾರಿ ಎಂದು ಭಾವಿಸಬಾರದು. ಸ್ವರದಲ್ಲಿ ಒಲವಿಲ್ಲದ ಮಗುವಿಗೆ ಗಣಿತವೋ ಇತಿಹಾಸವೋ ಗಣಕಯಂತ್ರವೋ ಒಲಿಯಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಆರರಿಂದ ಹದಿನೆಂಟು ವರ್ಷದವರೆಗೆ ಇಂತಹ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ ಅವರು ಆಯ್ದುಕೊಂಡ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ನೀಡಿದೆ. ಶಿರಸಿ ಶೈಕ್ಷಣಿಕ ಜಿಲ್ಲೆಯ ಪಾಲಕರು ತಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಈ ಕುರಿತು ವಿಚಾರಿಸಬೇಕು. ಅದಕ್ಕೂ ಮೊದಲು ನೇತ್ರವೈದ್ಯರಿಗೆ ತೋರಿಸಬೇಕು. ಕೆಲವು ದೃಷ್ಟಿದೋಷಗಳು ಸಕಾಲದಲ್ಲಿ ಚಿಕಿತ್ಸೆ ದೊರೆತರೆ ನಿವಾರಣೆಯಾಗುತ್ತವೆ.

ಯಾವುದೇ ವಸತಿಶಾಲೆಗೆ ಸೇರಿಸುವ ಮುನ್ನ ಸ್ವತಃ ಹೋಗಿ ನೋಡಬೇಕು. ಮಕ್ಕಳು ಮಲಗುವ ಕೋಣೆ, ಕುಡಿಯುವ ನೀರು, ಶೌಚಗೃಹಗಳು ಹೇಗಿವೆ? ಕಾಯಿಲೆಯಾದರೆ ನೋಡುವವರಾರು? ಸಂಗೀತದ ಜೊತೆಗೆ ಶಾಲಾ ಪಾಠವೂ ನಡೆಯುವುದೇ? ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಸತಿಯುಂಟೇ? ಸಂಸ್ಥೆ ಎಷ್ಟೇ ಪೂಜ್ಯವಾದುದಿರಲಿ, ಈ ಪ್ರಶ್ನೆಗಳನ್ನು ಕೇಳುವುದರಲ್ಲಿ ಅಗೌರವವಿಲ್ಲ. ಸೇರಿಸಿದ ಬಳಿಕವೂ ಹೋಗಿಬರುವುದನ್ನು ನಿಲ್ಲಿಸಬಾರದು. ಗುರುಕುಲವು ಮಗುವಿಗೆ ಎರಡನೆಯ ಮನೆಯಾಗಲಿ, ಮೊದಲನೆಯ ಮನೆ ತಪ್ಪದಿರಲಿ.

ಉಳಿದ ನಮ್ಮೆಲ್ಲರಿಗೂ ಒಂದು ಕರ್ತವ್ಯವಿದೆ. ವಾರಾನ್ನದ ಕಾಲದಲ್ಲಿ ಪ್ರತಿಯೊಂದು ಮನೆಯೂ ವಾರದ ಒಂದು ದಿನವನ್ನು ಪರರ ಮಗುವಿಗೆ ಮೀಸಲಿಟ್ಟಿತ್ತು. ಆ ಪದ್ಧತಿ ಹೋಯಿತು, ಅದರ ಹಿಂದಿನ ಧರ್ಮ ಹೋಗಬೇಕಾಗಿಲ್ಲ. ಸುಗ್ಗಿಯಲ್ಲಿ ಒಂದು ಚೀಲ ಅಕ್ಕಿಯನ್ನು ದಾಸೋಹಕ್ಕೆ ಕಳುಹಿಸಬಹುದು. ಮದುವೆ, ಗೃಹಪ್ರವೇಶಗಳ ಸಂಗೀತ ಸೇವೆಗೆ ಅಂಧ ಕಲಾವಿದರನ್ನು ಕರೆಸಿ ಯೋಗ್ಯ ಸಂಭಾವನೆ ಕೊಡಬಹುದು. ನಮ್ಮ ಕೇರಿಯಲ್ಲಿ ಅಂತಹ ಮಗುವೊಂದು ಒಳಕೋಣೆಯಲ್ಲಿ ಕುಳಿತಿದ್ದರೆ ಅದರ ತಾಯಿತಂದೆಗಳ ಬಳಿ ಕುಳಿತು, ಕಾಡಶೆಟ್ಟಿಹಳ್ಳಿಯ ಆ ಇಬ್ಬರು ಬಾಲಕರ ಕಥೆಯನ್ನು ಹೇಳಬಹುದು. ಮಗು ಒಪ್ಪಿದರೆ ಮರುವಾರವೇ ಅವರೊಡನೆ ಹುಬ್ಬಳ್ಳಿಯ ಮಾರ್ಗವಾಗಿ ಗದಗಿಗೆ ಹೊರಟು, ಆಶ್ರಮವನ್ನು ತೋರಿಸಿಕೊಂಡು ಬರಬಹುದು.